ಬೆಳಕಿಗೆ ನಿಂತವನು

ಮಾರ್ಚ್ 3, ಸೋಮವಾರ

ಇವತ್ತೂ ನಿಂತೆ. ಮಧ್ಯಾಹ್ನದವರೆಗೆ ಹೋಟೆಲ್ ಬಾಗಿಲ ಹೊರಗೆ, ಆಮೇಲೆ ಅದೇ ಬಾಗಿಲ ಒಳಗೆ. ಹೋಟೆಲ್ ಅಂದರೆ ಸಿನಿಮಾ ಸೆಟ್ಟು: ಹಲಗೆ, ಬಟ್ಟೆ, ಬಣ್ಣ. ಹಿಂದೆ ಹೋಗಿ ನೋಡಿದರೆ ಬರೀ ಮರದ ಆಸರೆಗಳು. ಮೇಲೆ ಅಟ್ಟಣಿಗೆಯಲ್ಲಿ ಗೂಬೆ — ನಮ್ಮ ಲೈಟ್‌ಮ್ಯಾನ್, ಹಗಲೆಲ್ಲ ಕತ್ತಲಲ್ಲಿ ಕೂತು ಕೆಳಗೆ ನೋಡುವುದೇ ಅವನ ಕೆಲಸ — "ಕಂಬ, ಗದ್ದ ಎತ್ತು... ಇನ್ನೂ... ಸಾಕು. ಮೂಗಿನ ನೆರಳು ತುಟಿ ಮೇಲೆ ಬೀಳ್ತಿದೆ" ಅನ್ನುತ್ತಿದ್ದ. ಕಂಬ ಅಂದರೆ ನಾನು, ಸೆಟ್ಟಿನಲ್ಲಿ ಎಲ್ಲರೂ ಇಟ್ಟ ಹೆಸರು. ನನ್ನ ಮೂಗಿನ ಚಿಂತೆ ಅಲ್ಲ ಅದು. ಹೀರೋನ ಮೂಗು ಎಲ್ಲಿ ಬರುತ್ತದೋ ಅಲ್ಲಿ ನನ್ನದನ್ನು ಇಟ್ಟುಕೊಂಡಿರುತ್ತೇನೆ, ಅಷ್ಟೆ.

ಸಂಜೆ ಭಾವ ಬಂದಿದ್ದರು. ಹೆಂಡತಿಯ ಅಣ್ಣ. ಹಿಟ್ಟಿನ ಗಿರಣಿಯಲ್ಲಿ ದೊಡ್ಡ ಮೇಸ್ತ್ರಿ. ಟೀ ಕುಡಿದು, ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರೆ ಉಪದೇಶ ಬರುತ್ತದೆ ಎಂದೇ ಲೆಕ್ಕ.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಕೆಲಸ ಏನು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ."

ಹೇಳಿದೆ. ಹೀರೋ ನಿಲ್ಲಬೇಕಾದ ಕಡೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಅವನ ಎತ್ತರವೂ ನನ್ನ ಎತ್ತರವೂ ಒಂದೇ. ದೀಪಗಳನ್ನೆಲ್ಲ ಸರಿಮಾಡುವ ತನಕ ಆ ಗುರುತಿನ ಮೇಲೆ ನಾನು ನಿಲ್ಲುತ್ತೇನೆ, ಅವನು ಕುರ್ಚಿಯಲ್ಲಿ ಕೂತಿರುತ್ತಾನೆ. ಎಲ್ಲ ಸರಿಹೋದ ಮೇಲೆ "ರೆಡಿ" ಅಂತ ಕೂಗುತ್ತಾರೆ. ನಾನು ಎಡಕ್ಕೆ ಎರಡು ಹೆಜ್ಜೆ ಹಾಕಿ ಬೆಳಕಿನಿಂದ ಆಚೆ ಬರುತ್ತೇನೆ. ಅವನು ಬಂದು ನಿಲ್ಲುತ್ತಾನೆ. ಆಮೇಲೆ ಕ್ಯಾಮೆರಾ ಓಡುತ್ತದೆ.

"ಅಂದ್ರೆ, ಕೆಲಸ ಶುರುವಾಗೋ ಹೊತ್ತಿಗೆ ಸರಿಯಾಗಿ ನೀವು ಎದ್ದು ಹೊರಟುಬಿಡ್ತೀರಿ."

ಹೆಂಡತಿ ಮೂಲೆಯಲ್ಲಿ ಯಾವನದೋ ಅಂಗಿಗೆ ಕಾಜಾ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ನಗು ತಡೆದುಕೊಂಡಳೋ, ಬೇರೆ ಏನನ್ನೋ ತಡೆದುಕೊಂಡಳೋ.

ಗಿರಣಿಯ ಗೋಡೌನಿಗೆ ಒಬ್ಬ ಬೇಕಂತೆ. ಬೀಗದ ಕೈ ಇಟ್ಟುಕೊಂಡು ಮೂಟೆ ಬಂದದ್ದು ಹೋದದ್ದು ನೋಡಿಕೊಂಡರೆ ಸಾಕು. "ಈ ವಾರ ಹೇಳಿ. ಆಮೇಲೆ ಬೇರೆಯವರು ಕಾದು ಕೂತಿದ್ದಾರೆ."

ಅವರು ಹೋದ ಮೇಲೆ ಹೆಂಡತಿ ಒಂದೇ ಮಾತು ಅಂದಳು. "ಮುಂದಿನ ತಿಂಗಳು ನಿಮಗೆ ನಲವತ್ತು ಕಣ್ರೀ."

ನೆನಪಿದೆ. ಮದುವೆಯಾದ ಹೊಸತರಲ್ಲಿ ಜಂಬ ಕೊಚ್ಚಿದ್ದೆ — ನಲವತ್ತಾಗುವುದರೊಳಗೆ ನನ್ನ ಮುಖ ಪರದೆ ಮೇಲೆ ಬರದಿದ್ದರೆ ಸಿನಿಮಾ ಬಿಟ್ಟುಬಿಡ್ತೀನಿ ಅಂತ. ಆಗ ನಲವತ್ತು ಅನ್ನುವುದು ಬೇರೆ ಯಾರಿಗೋ ಆಗುವ ವಯಸ್ಸಾಗಿತ್ತು.

ಮಾರ್ಚ್ 5, ಬುಧವಾರ

ಇವತ್ತು ಸ್ಟುಡಿಯೋದಲ್ಲಿ ರಂಪ.

ನಮ್ಮದು ನಗೆಚಿತ್ರ. ದೊಡ್ಡ ಹೋಟೆಲಿನ ಬಾಗಿಲು ಕಾಯುವವನಿಗೆ ಒಳಗಿನ ಸೋಫಾದ ಮೇಲೆ ಒಂದು ಸಲವಾದರೂ ಕೂರಬೇಕೆಂಬ ಆಸೆ. ಮಕ್ಕಳಿಲ್ಲದ ಯಜಮಾನ ಸಾಯುವಾಗ ಹೋಟೆಲನ್ನೇ ಇವನಿಗೆ ಬರೆದು ಹೋಗುತ್ತಾನೆ. ಬೆಳಿಗ್ಗೆ ಸಲಾಮು ಹೊಡೆದವನಿಗೆ ಸಂಜೆ ಎಲ್ಲರ ಸಲಾಮು. ಇವತ್ತು ಅವನು ಕಾರಂಜಿಯ ತೊಟ್ಟಿಗೆ ಬೀಳುವ ದೃಶ್ಯ. ಹೀರೋ ನೀರಿಗೆ ಬೆರಳು ಅದ್ದಿ ನೋಡಿ, ಬಿಸಿ ಮಾಡಿಸಿ ಅಂದ. ನಿರ್ಮಾಪಕರು — ಎಲ್ಲರೂ ಧಣಿ ಅನ್ನುತ್ತೇವೆ — "ಬೀಳೋದು ಬಾಗಿಲು ಕಾಯೋನು ಕಣಯ್ಯ. ನೀನೇನು ನಮ್ಮನೆ ಅಳಿಯನಾ, ನೀರು ಕಾಯ್ಸಿ ಹುಯ್ಯೋಕೆ?" ಅಂದರು. ಸುತ್ತ ಇದ್ದವರು ನಕ್ಕರು. ಅಲ್ಲೇ ಎಡವಟ್ಟಾಯಿತು. ಹೀರೋ ತಾನು ಹೇಳಿದ್ದಕ್ಕೆ ಜನ ನಕ್ಕರೆ ಹಿಗ್ಗುತ್ತಾನೆ, ತನ್ನನ್ನು ನೋಡಿ ನಕ್ಕರೆ ಸಹಿಸುವುದಿಲ್ಲ. ಬಾಗಿಲು ಕಾಯುವವನ ಟೋಪಿ ಹಾಕಿಕೊಂಡೇ ಕಾರು ಹತ್ತಿದ. ಇನ್ನು ಕಾಲಿಡುವುದಿಲ್ಲ ಅಂದನಂತೆ.

ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬರೆದುಬಿಟ್ಟೆ, ಆಯಿತು. ಸುಮ್ಮನೆ ಬಂದು ನಿಂತರೂ ಜನಕ್ಕೆ ನಗು ಬರುತ್ತದೆ. ಅದೇ ಗುರುತಿನ ಮೇಲೆ ಅದಕ್ಕೂ ಮುಂಚೆ ಗಂಟೆಗಟ್ಟಲೆ ನಾನು ನಿಂತಿರುತ್ತೇನೆ. ಒಂದು ನರಪಿಳ್ಳೆಯೂ ನಕ್ಕಿದ್ದಿಲ್ಲ.

ಮಾರ್ಚ್ 6, ಗುರುವಾರ

ಕೆಲಸ ಇಲ್ಲ. ದೀಪ ಹಚ್ಚಲಿಲ್ಲ. ಈ ತಿಂಗಳ ಕೊನೆಗೆ ಸೆಟ್ ಕೆಡವಿ ಜಾಗ ಬೇರೆ ಕಂಪನಿಗೆ ಬಿಟ್ಟುಕೊಡಬೇಕಂತೆ. ಧಣಿ ಗಾಯಗೊಂಡ ಹುಲಿ. ಮನೆಗೆ ಬೇಗ ಬಂದೆ. ನಾಳೆ ಭಾವನಿಗೆ ಹೂಂ ಅಂತೀನಿ ಅಂತ ಹೆಂಡತಿಗೆ ಅಂದೆ. ಸೂಜಿಗೆ ದಾರ ಪೋಣಿಸುತ್ತ "ಬಲವಂತ ಇಲ್ಲ" ಅಂದಳು. ಬಲವಂತ ಇಲ್ಲ ಅಂದರೆ ಏನರ್ಥ ಎಂದು ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಗೊತ್ತು.

ಮಾರ್ಚ್ 7, ಶುಕ್ರವಾರ, ಮಧ್ಯಾಹ್ನ

ಇದನ್ನು ಈಗಲೇ ಬರೆದಿಡಬೇಕು.

ಹೋದದ್ದು ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು. ಧಣಿಯ ಕೋಣೆಯಲ್ಲಿ ನಿರ್ದೇಶಕರೂ ಇದ್ದರು. ಇಬ್ಬರೂ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ನಿಲ್ಲುವುದು ನನಗೆ ಅಭ್ಯಾಸ.

"ಅವನಿಲ್ದಿದ್ರೆ ಸೂರ್ಯ ಹುಟ್ಟಲ್ವೇನ್ರೀ? ಯಾರನ್ನಾದ್ರೂ ಹಾಕಿ! ಬಟ್ಟೆ ಯಾರಿಗೆ ಸರಿಹೋಗುತ್ತೋ ಅವನನ್ನ ಹಾಕಿ!" ಅಂದವರೇ ತಿರುಗಿ ನನ್ನನ್ನು ನೋಡಿದರು.

ಬಟ್ಟೆ ನನಗೆ ಸರಿಹೋಗದೆ ಏನು? ಹೀರೋಗೆ ಬಿಡುವಿಲ್ಲವೆಂದು ಟೈಲರ್ ಅಳತೆ ತೆಗೆದದ್ದೇ ನನ್ನ ಮೈಮೇಲೆ.

ನಿರ್ದೇಶಕರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಮೊದಲನೇ ಸಲ ನೋಡುವವರ ಹಾಗೆ. "ಇವನಿಗೆ ಬೆಳಕು ಹೇಗೆ ಬೀಳುತ್ತೆ ಅಂತಾದ್ರೂ ಗೊತ್ತು" ಅಂದರು. ಅಷ್ಟೇ. ನಾಳೆಯಿಂದ ಶೂಟಿಂಗ್. ನಾನು ಹೀರೋ.

ಅದೇ ದಿನ, ಸಂಜೆ

ಹೆಂಡತಿಗೆ ಹೇಳಿದೆ. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಕೇಳಿದಳು, "ಮುಖ ಕಾಣುತ್ತಾ?"

"ಮುಖಾನೇ ಕಾಣೋದು ಕಣೇ. ಇಷ್ಟು ದೊಡ್ಡದಾಗಿ." ಗೋಡೆಯಿಂದ ಗೋಡೆಗೆ ಕೈ ಚಾಚಿ ತೋರಿಸಿದೆ. ದೀಪದ ಬುರುಡೆಗೆ ಕೈ ತಗುಲಿ ಮಸಿ ಆಯಿತು. ಸೆರಗಿನಿಂದ ಒರೆಸಿದಳು. ಕೈ ಬಿಡಲೇ ಇಲ್ಲ.

ಆಮೇಲೆ ಭಾವನ ಮನೆಗೆ ಹೋದೆ. ನೆಟ್ಟಗೆ ಬೇಡ ಅಂದು ಬರಬಹುದಿತ್ತು. "ಗೋಡೌನಿಗೆ ಬೀಗ ಹಾಕೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಭಾವ. ನಮ್ಮ ಮುಖಕ್ಕೆ ಹಿಟ್ಟು ಮೆತ್ತೋದು ಇನ್ಮೇಲೆ ಮೇಕಪ್ಪಿನವರು" ಅಂದೆ. ಅವರ ಹೆಂಡತಿ, ಮಕ್ಕಳು, ಎಲ್ಲರ ಎದುರಿಗೆ. ಭಾವ ಎದ್ದು ನನ್ನ ಕೈ ಕುಲುಕಿದರು.

ಮಾರ್ಚ್ 8, ಶನಿವಾರ, ಮಧ್ಯಾಹ್ನ

ಹಾಳಾಗಿ ಹೋದೆ.

ಮೇಕಪ್ ತಾತ ಬೆಳಿಗ್ಗೆ ಬಣ್ಣ ಹಚ್ಚುತ್ತ, "ಒಳ್ಳೇ ಮುಖ ಕಣೋ, ಬಳಸದೆ ಇಟ್ಟಿದ್ದೀಯ" ಅಂದ. ಹೀರೋನ ಬೂಟು ಹಾಕಿಕೊಂಡೆ. ಬಟ್ಟೆ ಸರಿ, ಬೂಟು ಮಾತ್ರ ಬಿಗಿ. ಅವನ ಪಾದ ಚಿಕ್ಕದು. ಇರಲಿ, ಹೀರೋನ ಬೂಟು ಅಂದರೆ ಕಚ್ಚಬೇಕಾದದ್ದೇ ಅಂದುಕೊಂಡೆ. ಗುರುತಿನ ಮೇಲೆ ನಿಂತೆ. ಅದೇ ಗುರುತು, ಅದೇ ಬಾಗಿಲು, ಅದೇ ದೀಪ. ಗೂಬೆ ಮೇಲಿನಿಂದ "ಕಂಬ, ಗದ್ದ" ಅಂದು, ನಾಲಿಗೆ ಕಚ್ಚಿಕೊಂಡು, "ಸಾರ್, ಗದ್ದ" ಅಂದ. ಮಾತು ಒಂದೇ ಸಾಲು: ಬನ್ನಿ ಸ್ವಾಮಿ, ನಿಮ್ಮದೇ ಮನೆ ಅಂದ್ಕೊಳ್ಳಿ. ನಿದ್ದೆಗಣ್ಣಲ್ಲೂ ಹೇಳಬಲ್ಲೆ.

ಹೀರೋ ಆಗಲೇ ಗುರುತಿನ ಮೇಲೆ ಇದ್ದಾನಲ್ಲ ಎಂದು ಕ್ಯಾಮೆರಾದವನು "ರೆಡಿ" ಅನ್ನುತ್ತಿದ್ದ ಹಾಗೇ ಓಡಿಸಿಬಿಟ್ಟ.

ಎಡಕ್ಕೆ ಎರಡು ಹೆಜ್ಜೆ. ಬೆಳಕಿನಿಂದ ಆಚೆ. ಕತ್ತಲಲ್ಲಿ ನಿಂತು ಹೀರೋ ಬರಲಿ ಎಂದು ಕಾಯುತ್ತಿದ್ದೇನೆ. ಯಾರೂ ಬರುತ್ತಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಕ್ಯಾಮೆರಾ ಖಾಲಿ ಬಾಗಿಲನ್ನು ತೆಗೆಯುತ್ತಿದೆ.

ಮೊದಲ ಸಲ ಎಲ್ಲರೂ ನಕ್ಕರು. ಎರಡನೇ ಸಲವೂ. ಮೂರನೇ ಸಲ ನಿರ್ದೇಶಕರು "ಏನಪ್ಪಾ ಇದು" ಅಂದರು. ಆಮೇಲೆ ಯಾರೂ ನಗಲಿಲ್ಲ. ನಾನು ಬೇಕೆಂದು ಮಾಡಿದ್ದಲ್ಲ. ದೇವರಾಣೆ. ಮನಸ್ಸು ನಿಲ್ಲು ಅನ್ನುತ್ತದೆ, ಬಾಯಿ ಮಾತಿಗೆ ತಯಾರಾಗಿರುತ್ತದೆ. ಕಾಲು ಮಾತ್ರ ತನ್ನ ಪಾಡಿಗೆ ಹೊರಟುಬಿಡುತ್ತದೆ. ಮದುವೆಗೆ ಮುಂಚಿನಿಂದ ಈ ಮಾತು ಕೇಳಿದಾಗೆಲ್ಲ ಹೊರಟ ಕಾಲು.

ಅದೇ ದಿನ, ಸಂಜೆ

ಹೆಂಡತಿಗೆ ನಿಜ ಹೇಳಿದೆ. ಅಭ್ಯಾಸ ಮಾಡೋಣ ಅಂದಳು. ಕೋಣೆಯ ನಡುವೆ ನಿಲ್ಲಿಸಿದಳು. "ರೆಡಿ!" — ಹೋದೆ. "ರೆಡಿ!" — ಹೋದೆ. ಕೊನೆಗೆ ಬಟ್ಟೆ ಒಣಹಾಕುವ ಹಗ್ಗ ತಂದು ಎರಡೂ ಕಾಲು ಕಟ್ಟಿದಳು. "ರೆಡಿ!" ದಬಾರನೆ ಬಿದ್ದೆ. ಮೊಣಕೈ ತರಚಿಹೋಯಿತು.

ಅವಳಿಗೆ ನಗು ಬಂತು. ಎಷ್ಟು ತಿಂಗಳಾಗಿತ್ತೋ ಅವಳು ಹೀಗೆ ನಕ್ಕು. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ನೋಡನೋಡುತ್ತ ಅದು ಅಳುವಾಯಿತು. ನಾನು ಕಾಲು ಕಟ್ಟಿದ ಹಾಗೇ ನೆಲದ ಮೇಲೆ ಕೂತು ಅವಳನ್ನು ಸಮಾಧಾನ ಮಾಡಿದೆ.

ಮಾರ್ಚ್ 10, ಸೋಮವಾರ, ಬೆಳಿಗ್ಗೆ

"ರೆಡಿ" ಅನ್ನುವುದೇ ಬೇಡ, "ಹೂಂ" ಅನ್ನೋಣ ಅಂತ ಗೂಬೆ ಉಪಾಯ ಹೇಳಿದ. ಮಾಡಿದರು. ಆದರೂ ಹೋದೆ. ಮಾತಿಗಷ್ಟೇ ಅಲ್ಲ ಈ ಕಾಲು ಏಳುವುದು. ಕೊನೆಯ ದೊಡ್ಡ ದೀಪ ಹತ್ತಿ ಕೆನ್ನೆಗೆ ಬಿಸಿ ತಾಗಿದರೆ ಸಾಕು, ನನ್ನ ಕೆಲಸ ಮುಗಿಯಿತು ಅಂದುಕೊಳ್ಳುತ್ತದೆ. ಫಿಲ್ಮ್ ನೀರಿನ ಹಾಗೆ ಹರಿದುಹೋಗುತ್ತಿದೆ. ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತರು. ಸಂಜೆ ರಶಸ್ ಇದೆ. ಈವರೆಗೆ ತೆಗೆದದ್ದನ್ನೆಲ್ಲ ಧಣಿ ನೋಡುತ್ತಾರೆ. ನನ್ನನ್ನೂ ಬರಹೇಳಿದ್ದಾರೆ. ಒದ್ದು ಹೊರಗೆ ಹಾಕಲು ಮನುಷ್ಯ ಎದುರಿಗೇ ಇರಬೇಕಲ್ಲ.

ಅದೇ ದಿನ, ಸಂಜೆ ಏಳು

ಮೊದಲು ನನ್ನ ಮುಖ ಬಂತು.

ಅದನ್ನು ಹೇಗೆ ಬರೆಯಲಿ. ಗೋಡೆಯಷ್ಟು ದೊಡ್ಡ ಮುಖ. ಎಡ ಹುಬ್ಬಿನ ಹತ್ತಿರ ಚಿಕ್ಕಂದಿನ ಗಾಯ. ಅಪ್ಪನ ಮೂಗು. ಅಪ್ಪ ಸತ್ತ ಮೇಲೆ ಆ ಮೂಗನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮುಖ ಏನೋ ಹೇಳಲು ಬಾಯಿ ತೆರೆಯಿತು, ಎಡಕ್ಕೆ ತಿರುಗಿತು, ಹೊರಟುಹೋಯಿತು. ಖಾಲಿ ಬಾಗಿಲು. ಮತ್ತೆ ಮುಖ, ಮತ್ತೆ ಖಾಲಿ ಬಾಗಿಲು. ಒಂದಾದ ಮೇಲೊಂದು, ಅಷ್ಟೂ ಸಲ. ಪ್ರತಿ ಸಲವೂ ಅದೇ ವಿನಯ. ಯಾರಿಗೋ ದಾರಿ ಬಿಟ್ಟು ಪಕ್ಕಕ್ಕೆ ಸರಿಯುವ ವಿನಯ.

ಕತ್ತಲಲ್ಲಿ ಗೊರಗೊರ ಸದ್ದು. ಧಣಿಗೆ ಏನೋ ಆಯಿತು, ಹೃದಯವೇ ಇರಬೇಕು ಅಂದುಕೊಂಡೆ. ದೀಪ ಹಾಕಿದರು. ಧಣಿ ನಗುತ್ತಿದ್ದರು. ಕುರ್ಚಿಯಿಂದ ಜಾರಿ, ಹೊಟ್ಟೆ ಹಿಡಿದುಕೊಂಡು. "ಇನ್ನೊಂದ್ಸಲ ಹಾಕ್ರೋ... ಅಯ್ಯೋ... ಇನ್ನೊಂದ್ಸಲ..."

ನಿರ್ದೇಶಕರು ಎದ್ದು ನಿಂತರು. "ಸಿಕ್ತು. ಇವನು ಹೋಟೆಲಿಗೆ ಯಜಮಾನ ಆದ ಮೇಲೂ ಹೀಗೇ ಮಾಡ್ತಾನೆ. 'ಯಜಮಾನರು ಬಂದ್ರು' ಅಂತ ಯಾರಾದ್ರೂ ಕೂಗಿದ್ರೆ ಸಾಕು, ಯಜಮಾನನಿಗೆ ದಾರಿ ಬಿಟ್ಟು ತಾನೇ ಪಕ್ಕಕ್ಕೆ ಹೋಗಿ ನಿಲ್ತಾನೆ. ಸಿನಿಮಾ ಪೂರ್ತಿ!"

ಧಣಿ ಬಂದು ಬೆನ್ನು ತಟ್ಟಿದರು. ಬಡಿದರು ಅನ್ನಬೇಕು. ಇನ್ನೂ ಉರಿಯುತ್ತಿದೆ. ಉರಿಯಲಿ.

ಮಾರ್ಚ್ 11, ಮಂಗಳವಾರ

ಮೂರು ದೃಶ್ಯ ಆಯಿತು. ಬಚ್ಚಲ ಬಾಗಿಲಲ್ಲಿ ದಾರಿ ಬಿಟ್ಟೆ. ನನ್ನದೇ ಮದುವೆಯ ಮಂಟಪದಲ್ಲಿ ದಾರಿ ಬಿಟ್ಟೆ. ಕ್ಯಾಮೆರಾದವನು ನಕ್ಕು ಕ್ಯಾಮೆರಾ ಅಲುಗಿ ಇನ್ನೊಂದು ಸಲ ತೆಗೆದರು. ಗೂಬೆ ಮೇಲಿನಿಂದ ಬೀಳುವುದೊಂದು ಬಾಕಿ.

ಮಾರ್ಚ್ 13, ಗುರುವಾರ

ಕುರ್ಚಿ ಬಂದಿದೆ. ಟೀ ಗಾಜಿನ ಲೋಟದಲ್ಲಲ್ಲ, ಕಪ್ಪು-ಬಸಿಯಲ್ಲಿ. ಎಲ್ಲರ ಬಾಯಲ್ಲೂ "ಸಾರ್". ನನಗೆ ಬದಲು ನಿಲ್ಲಲು ಬೇರೊಬ್ಬನನ್ನು ಹಾಕಲೇ ಅಂದರು. ಬೇಡ, ನಾನೇ ನಿಂತುಕೊಳ್ತೀನಿ ಅಂದೆ. ಅದಕ್ಕೂ ನಕ್ಕರು.

ಹೆಂಡತಿ ನೋಡಲು ಬಂದಿದ್ದಳು. ಪಕ್ಕದ ಮನೆಯವಳ ಓಲೆ ಕಡ ತೆಗೆದುಕೊಂಡು ಹಾಕಿಕೊಂಡಿದ್ದಳು. ನಾನು ಪಕ್ಕಕ್ಕೆ ಸರಿದಾಗ ಎಲ್ಲರೂ ನಕ್ಕರು, ಅವಳು ಮಾತ್ರ ನಗಲಿಲ್ಲ. ಮನೆಗೆ ಬರುವಾಗ ಕೇಳಿದೆ, ಯಾಕೆ?

"ನೀವು ಮನೇಲೂ ಹಾಗೇ ಕಣ್ರೀ. ನಮ್ಮಣ್ಣ ಬಂದ್ರೆ ಕುರ್ಚಿ ಬಿಟ್ಟು ಏಳ್ತೀರಿ. ಅದ್ರಲ್ಲಿ ನಗೋದೇನಿದೆ?"

ಬೂಟು ಕಚ್ಚಿ ಎರಡೂ ಹಿಮ್ಮಡಿಯಲ್ಲಿ ಗುಳ್ಳೆ. ಬಿಸಿನೀರಲ್ಲಿ ಕಾಲಿಡಿಸಿ ಎಣ್ಣೆ ಹಚ್ಚಿದಳು. ಇಂಥ ಸುಖ ಜನ್ಮದಲ್ಲಿ ಕಂಡಿರಲಿಲ್ಲ.

ಮಾರ್ಚ್ 15, ಶನಿವಾರ

ಹೀರೋ ಸ್ಟುಡಿಯೋಗೆ ಬಂದಿದ್ದ. ಧಣಿಯ ಜೊತೆ ಕೂತು ರಶಸ್ ನೋಡಿದನಂತೆ. ತುಂಬ ನಕ್ಕನಂತೆ.

ಸುಮ್ಮನೆ ಬಂದಿರಬಹುದು...

ಮಾರ್ಚ್ 17, ಸೋಮವಾರ

ಸುಮ್ಮನೆ ಬಂದಿರಲಿಲ್ಲ.

ಧಣಿ ಒಳ್ಳೆಯ ಮಾತಿನಲ್ಲೇ ಹೇಳಿದರು. ಕೂರಿಸಿ ಹೇಳಿದರು, ಅದೇ ಹೆದರಿಕೆ ಆದದ್ದು. ಹೊರಗಡೆ ಚಿತ್ರ ಕೊಳ್ಳುವವರು ಹೀರೋ ಇಲ್ಲದಿದ್ದರೆ ಬೇಡ ಅನ್ನುತ್ತಿದ್ದಾರಂತೆ. ಪೋಸ್ಟರಿನ ಮೇಲೆ ನನ್ನ ಮುಖ ನೋಡಿ ಇವನ್ಯಾರು ಅಂದರಂತೆ. ಹೀರೋಗೂ ಈ ದಾರಿ ಬಿಡುವ ತಮಾಷೆ ಬಹಳ ಹಿಡಿಸಿದೆ. ಎಲ್ಲವನ್ನೂ ಅವನ ಮೇಲೆ ಮತ್ತೆ ತೆಗೆಯುತ್ತಾರೆ.

"ನೀರು ಬಿಸಿ ಮಾಡಿಸ್ತೀರಾ?" ಅಂತ ಕೇಳಿದೆ. ಯಾಕೆ ಅದನ್ನೇ ಕೇಳಿದೆನೋ.

"ಮಾಡಿಸ್ಲೇಬೇಕಲ್ಲಯ್ಯ" ಅಂದರು. "ನಿನಗೇನೂ ಅನ್ಯಾಯ ಆಗಲ್ಲ. ನಿಂತ್ಕೊಳ್ಳೋ ಕೆಲಸ ಇದ್ದೇ ಇದೆ."

"ಆಯ್ತು ಧಣಿ" ಅಂದೆ. ಅಷ್ಟೇ ಅಂದೆ. ಬೈಯಬಹುದಿತ್ತು, ಅಳಬಹುದಿತ್ತು, ಕಾಲು ಹಿಡಿಯಬಹುದಿತ್ತು. ಅವರು ಎದ್ದು ಹೊರಟಾಗ ಬಾಗಿಲ ಹತ್ತಿರ ಇದ್ದವನು ನಾನು. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವರಿಗೆ ಒಂದು ಕ್ಷಣ ನಗು ಬಂತು, ನುಂಗಿಕೊಂಡರು. ನಾನು ನೋಡಿದೆ.

ಮಾರ್ಚ್ 22, ಶನಿವಾರ

ಬರೆಯುವ ಹಾಗಿರಲಿಲ್ಲ.

ಹೆಂಡತಿಗೆ ಹೇಳಿಲ್ಲ. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿ ಕೊಡುತ್ತಾಳೆ, ದಿನಾ ಹೊರಡುತ್ತೇನೆ. ಸ್ಟುಡಿಯೋ ಕಡೆ ತಲೆ ಹಾಕಿಲ್ಲ. ಬಸ್ ನಿಲ್ದಾಣದಲ್ಲಿ ಕೂರುತ್ತೇನೆ. ವಾಚನಾಲಯದಲ್ಲಿ ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂರುತ್ತೇನೆ. ಬುಧವಾರ ಗಿರಣಿಗೆ ಹೋದೆ. ಹೊರಗೆ ನಿಂತು ಭಾವನಿಗೆ ಹೇಳಿಕಳಿಸಿದೆ. ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದರು. ಗೋಡೌನಿಗೆ ಹೊಸಬ ಸೇರಿಯಾಗಿದೆ. "ಮೊದಲೇ ಒಂದು ಮಾತು ಅಂದಿದ್ರೆ..." ಅಂದರು. ಅವತ್ತು ಅವರ ಮನೆಯಲ್ಲಿ ನಾನಾಡಿದ್ದನ್ನು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ತಂಗಿಗೆ ಹೇಳಬೇಡಿ ಅಂತ ಕೈ ಮುಗಿದೆ.

ಹೋಟೆಲುಗಳಲ್ಲಿ ಕೇಳಿದೆ. ನಿಜವಾದ ಹೋಟೆಲು, ನಿಜವಾದ ಬಾಗಿಲು. ಏನು ಕೆಲಸ ಗೊತ್ತು ಅಂದರು. ನಿಲ್ಲೋದು ಅಂದೆ. ವಯಸ್ಸಾಯ್ತಲ್ಲ ಅಂದರು.

ನಿನ್ನೆ ಸಂಜೆ ರೈಲ್ವೆ ಗೇಟು ದಾಟಿ ಹಳಿಯ ಮೇಲೆ ನಡೆಯುತ್ತ ಹೋದೆ. ಒಂದು ಕಡೆ ನಿಂತೆ. ಯಾಕೆ ನಿಂತೆ ಅಂತ ಬರೆಯುವುದಿಲ್ಲ. ದೂರದಲ್ಲಿ ದೀಪ ಕಾಣಿಸಿತು. ದೊಡ್ಡದಾಯಿತು, ಮುಖದ ಮೇಲೆ ಬಿತ್ತು.

ಎಡಕ್ಕೆ ಎರಡು ಹೆಜ್ಜೆ.

ರೈಲು ಹೋಯಿತು. ಕಲ್ಲಿನ ರಾಶಿಯ ಮೇಲೆ ಕೂತು ಕಾಲು ನೋಡಿದೆ. ಬೈಯಲೋ, ನಮಸ್ಕಾರ ಮಾಡಲೋ ಗೊತ್ತಾಗಲಿಲ್ಲ. ನನ್ನ ಬಾಳು ಹಾಳು ಮಾಡಿದ್ದೂ ಇದೇ, ಉಳಿಸಿದ್ದೂ ಇದೇ. ಆಮೇಲೆ ಹಸಿವಾಯಿತು. ಬುತ್ತಿ ಬಿಚ್ಚಿ ತಿಂದೆ. ನಾಚಿಕೆ ಬಿಟ್ಟು ತಿಂದೆ.

ಮಾರ್ಚ್ 24, ಸೋಮವಾರ

ಹೋದೆ. ಇನ್ನೇನು ಮಾಡಲಿ. "ಬಂದ್ಯಾ ಕಂಬ" ಅಂದರು. ಸಾರ್ ಹೋಗಿ ಕಂಬ ಆಗಲು ಯಾರಿಗೂ ಕಷ್ಟವಾಗಲಿಲ್ಲ. ಗೂಬೆ ಒಬ್ಬನೇ ಏನೂ ಕರೆಯಲಿಲ್ಲ. "ಗದ್ದ" ಅಂದ, ಅಷ್ಟೆ.

ನಿಂತೆ. "ರೆಡಿ." ಸರಿದೆ. ಹೀರೋ ಬಂದು ನಿಂತ. ಯಾರೋ "ಯಜಮಾನರು ಬಂದ್ರು!" ಎಂದು ಕೂಗಿದರು. ಹೀರೋ ಪಕ್ಕಕ್ಕೆ ಸರಿದ.

ಅವನು ಕೆಟ್ಟದಾಗಿ ಮಾಡಲಿ ಎಂದು ಬೇಡಿಕೊಂಡಿದ್ದೆ. ಚೆನ್ನಾಗಿ ಮಾಡಿದ. ನನಗಿಂತ ಚೆನ್ನಾಗಿ. ಮೊದಲು ಒಂದು ಕಾಲು ಹೋಗುತ್ತದೆ, ಇನ್ನೊಂದು ಅದನ್ನು ತಡೆಯಲು ನೋಡುತ್ತದೆ, ಆಮೇಲೆ ಅದೂ ಸೋತು ಹಿಂದೆ ಹೋಗುತ್ತದೆ. ನನ್ನ ಕಾಲೊಳಗೆ ನಡೆಯುತ್ತಿದ್ದದ್ದು ಅದೇ. ಹೊರಗೆ ಕಾಣುವ ಹಾಗೆ ಮಾಡಲು ನನಗೆ ಬಂದಿರಲಿಲ್ಲ. ಇಡೀ ಫ್ಲೋರ್ ಬಿದ್ದು ಬಿದ್ದು ನಕ್ಕಿತು. ನನಗೂ ನಗು ಬಂತು. ಕತ್ತಲಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ಅದೊಂದನ್ನು ನಾನು ತಾಳಲಾರೆ.

ಆಮೇಲೆ ಹೀರೋ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. "ನಿಂದೇ ಕಣಣ್ಣ ಇದು. ನಿನ್ನ ನೋಡೇ ಕಲ್ತಿದ್ದು." ಕುಹಕ ಇರಲಿಲ್ಲ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೊಂದು ಆಸರೆ ಇರುತ್ತಿತ್ತು.

ಮಾರ್ಚ್ 25, ಮಂಗಳವಾರ

ಹೆಂಡತಿಗೆ ಗೊತ್ತಿತ್ತು. ಭಾವ ಹೇಳಿದ್ದಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದೆ. ಬಡಿಸುತ್ತ ಅವಳೇ ಅಂದಳು. "ಕಾಲಿನ ಗುಳ್ಳೆ ಒಣಗಿ ಎಷ್ಟೋ ದಿನ ಆಯ್ತಲ್ರೀ. ಆ ಬೂಟು ಹಾಕ್ತಿದ್ರೆ ಒಣಗ್ತಿತ್ತಾ?"

"ಮತ್ತೆ ಯಾಕೆ ದಿನಾ ಬುತ್ತಿ ಕಟ್ಟಿದೆ?"

"ಎಲ್ಲಿಗೆ ಹೋದ್ರೂ ಹಸಿವಾಗುತ್ತಲ್ಲ."

ತಟ್ಟೆಯಲ್ಲಿ ಕೈಯಿಟ್ಟುಕೊಂಡು ಅತ್ತೆ. ಇಷ್ಟು ವಯಸ್ಸಾದ ಗಂಡಸು. ರೈಲಿನ ವಿಷಯ ಹೇಳಲಿಲ್ಲ. ಅದನ್ನು ಯಾವತ್ತೂ ಹೇಳುವುದಿಲ್ಲ.

ಮಾರ್ಚ್ 29, ಶನಿವಾರ, ಬೆಳಿಗ್ಗೆ

ಸೆಟ್ಟಿನ ಕೊನೆಯ ದಿನ. ಹೀರೋ ತನ್ನ ಭಾಗ ಮುಗಿಸಿ ನಿನ್ನೆಯೇ ಊರಿಗೆ ಹೋದ. ಉಳಿದದ್ದು ಒಂದೇ ಶಾಟ್ — ಕಾಲುಗಳು. "ಯಜಮಾನರು ಬಂದ್ರು" ಅಂದಾಗ ಸರಿಯುವ ಕಾಲು, ಹತ್ತಿರದಿಂದ, ಬರೀ ಕಾಲು. ಸಿನಿಮಾದ ಕಟ್ಟಕಡೆಯ ದೃಶ್ಯ ಅದೇ ಅಂತೆ. ನಿರ್ದೇಶಕರು ನಿನ್ನೆ ಸಂಜೆ ಕರೆದು, "ಇದನ್ನ ನೀನೇ ಮಾಡು. ನಿನಗೂ ಒಂದು ಸಮಾಧಾನ" ಅಂದರು.

ಮನೆಗೆ ಬಂದು ಹೇಳಲು ನಾಚಿಕೆಯಾಯಿತು. ಮುಖ ಅಂತ ಹೋದವನು ಕಾಲಿಗೆ ಬಂದೆ. ಹೆಂಡತಿ ಕೈಯಲ್ಲಿದ್ದ ಅಂಗಿ ಕೆಳಗಿಟ್ಟಳು.

"ಕಾಲಾದ್ರೇನು? ದಿನಾ ಸಂಜೆ ಮೆಟ್ಟಿಲು ಹತ್ತೋವಾಗ ನೀವೋ ಮೇಲಿನ ಮನೆಯವರೋ ಅಂತ ಹೆಜ್ಜೆ ಕೇಳೇ ಹೇಳ್ತೀನಿ. ಎಡಗಾಲು ಒಂಚೂರು ಎಳೀತೀರಿ. ಜನಕ್ಕೆ ಗೊತ್ತಾಗ್ದಿದ್ರೆ ಬೇಡ. ನನಗೆ ಗೊತ್ತಾಗುತ್ತೆ. ಮುಂದಿನ ಬೆಂಚಲ್ಲೇ ಕೂತ್ಕೋತೀನಿ."

ಹೊರಟೆ. ಹಿಮ್ಮಡಿಗೆ ಹತ್ತಿ ಸುತ್ತಿ ಕೊಟ್ಟಿದ್ದಾಳೆ.

ಅದೇ ದಿನ, ಮಧ್ಯಾಹ್ನ, ಸೆಟ್ಟಿನ ಹಿಂದೆ

ಕಾಲು ಹೋಗುತ್ತಿಲ್ಲ.

ಬೂಟು ಹಾಕಿಕೊಂಡೆ. ಕ್ಯಾಮೆರಾ ನೆಲದ ಮೇಲೆ ಮಲಗಿದೆ. ಗೂಬೆ ದೀಪಗಳನ್ನೆಲ್ಲ ಕೆಳಗೆ ತಿರುಗಿಸಿದ. ಮೊದಲನೇ ಸಲ ನನ್ನ ಮುಖ ಕತ್ತಲಲ್ಲಿ, ಕಾಲು ಬೆಳಕಲ್ಲಿ. "ರೆಡಿ" ಅಂದರು. ಕೂಗಿದರು, "ಯಜಮಾನರು ಬಂದ್ರು!"

ಕಾಲು ನಿಂತೇ ಇತ್ತು.

ಮತ್ತೆ. ಮತ್ತೆ. ನಿರ್ದೇಶಕರಿಗೆ ಮೊದಲು ನಗು, ಆಮೇಲೆ ಸಿಟ್ಟು. "ಅವತ್ತು ನಿಲ್ಲೋ ಅಂದ್ರೆ ಓಡಿದೆ. ಇವತ್ತು ಹೋಗೋ ಅಂದ್ರೆ ನಿಂತಿದ್ದೀಯ. ಸೇಡು ತೀರಿಸ್ಕೋತಿದ್ದೀಯೇನೋ?"

ಇಲ್ಲ. ಹಠ ಅಂದುಕೊಂಡಿದ್ದಾರೆ. ಹಠ ಅಲ್ಲ. ಹೋಗು ಎಂದು ಒಳಗೊಳಗೆ ಬೇಡಿಕೊಳ್ಳುತ್ತಿದ್ದೇನೆ. ಹಲ್ಲು ಕಚ್ಚಿ ಎತ್ತಲು ನೋಡಿದೆ. ನೆಲಕ್ಕೆ ಮೊಳೆ ಹೊಡೆದ ಹಾಗಿದೆ. ಎಷ್ಟು ವರ್ಷ, ಎಷ್ಟು ಜನಕ್ಕೆ, ಕೇಳುವ ಮೊದಲೇ ಜಾಗ ಬಿಟ್ಟ ಕಾಲು. ಇವತ್ತು ಇದಕ್ಕೆ ಏನಾಗಿದೆ? ಇದಕ್ಕೂ ಸಾಕಾಗಿದೆಯೋ ಏನೋ. ಸಾಕಾಗಲು ಬೇರೆ ದಿನ ಸಿಗಲಿಲ್ಲವೇ, ಪಾಪಿ?

ಊಟದ ಬಿಡುವು ಕೊಟ್ಟಿದ್ದಾರೆ. ನನ್ನ ಪಾಲಿಗೆ ಇನ್ನೊಂದೇ ಟೇಕ್. ಆಗಲೂ ಆಗದಿದ್ದರೆ ಬೂಟು ಬಿಚ್ಚಿ ಕ್ಯಾಂಟೀನಿನವನಿಗೆ ಕೊಡಬೇಕು. ಅವನು ಆಗಲೇ ಕಾಲು ತೊಳೆದುಕೊಂಡು ಬಂದು ಕೂತಿದ್ದಾನೆ. ಸಂಜೆಯೊಳಗೆ ಬಾಗಿಲು, ಸೋಫಾ, ಕಾರಂಜಿ ಎಲ್ಲ ಕಿತ್ತುಹಾಕುತ್ತಾರೆ. ಆಚೆ ಕಡೆಯಿಂದ ಆಗಲೇ ಹಲಗೆ ಬಿಚ್ಚುವ ಸದ್ದು ಬರುತ್ತಿದೆ.

ಅವಳು ಮುಂದಿನ ಬೆಂಚಲ್ಲಿ ಕೂರುತ್ತಾಳೆ. ಕೊನೆಯವರೆಗೂ ಕಾಯುತ್ತಾಳೆ. ಕ್ಯಾಂಟೀನಿನವನ ಕಾಲು ನೋಡಿ, ಇವರಲ್ಲ ಅನ್ನುತ್ತಾಳೆ. ಗುರುತು ಹಿಡಿಯಬೇಕಾದರೆ ನಡೆಯಬೇಕಲ್ಲ. ಎಡಗಾಲು ಒಂಚೂರು ಎಳೆಯಬೇಕಲ್ಲ. ನಿಂತ ಕಾಲು ಯಾರದಾದರೂ ಆಗಬಹುದು.

ಗೂಬೆ ಮೇಲಿನಿಂದ ಇಣುಕಿ "ಬಾ ಸಾರ್" ಅಂದ. ಸಾರ್ ಅಂದ.

ದೀಪ ಹತ್ತಿತು. ಕರೆಯುತ್ತಿದ್ದಾರೆ. ಏಳುತ್ತೇನೆ. ಎರಡೇ ಹೆಜ್ಜೆ, ಇದೊಂದು ಸಲ, ಅವಳಿಗೋಸ್ಕರ ಆದರೂ ಹೋಗು, ಕಾಲೇ...